ಸಿಡಿಲಿನಂತಹ ತಲೆನೋವಿಗೆ ಮೊದಲ ಪರೀಕ್ಷೆ ಯಾವುದು?

ಕಳೆದ ವರ್ಷ ನಮ್ಮ ಬಳಗದ ತಾಯಿಯೊಬ್ಬರು ರೊಟ್ಟಿ ಬಡಿಯುತ್ತಿದ್ದಾಗಲೇ ತಲೆ ಹಿಡಿದುಕೊಂಡು ಕುಸಿದರು. ತಾಲ್ಲೂಕು ಕೇಂದ್ರದಲ್ಲಿಯೇ ಸಿ.ಟಿ. ಸ್ಕ್ಯಾನ್ ಸೌಲಭ್ಯವಿತ್ತು. ಆದರೆ ಮನೆಯವರು ‘ದೊಡ್ಡ ಪರೀಕ್ಷೆಯನ್ನೇ ಮಾಡಿಸೋಣ’ ಎಂದು ಎಂ.ಆರ್.ಐ.ಗಾಗಿ ದೂರದ ನಗರಕ್ಕೆ ಕರೆದೊಯ್ದರು. ಅಲ್ಲಿ ಸರದಿ ಬರುವಷ್ಟರಲ್ಲಿ ಮಿದುಳಿನಲ್ಲಿ ಎರಡನೆಯ ಬಾರಿ ರಕ್ತಸ್ರಾವವಾಗಿತ್ತು. ಆ ತಾಯಿ ಉಳಿಯಲಿಲ್ಲ.

ಮಿದುಳಿನ ರಕ್ತನಾಳಗಳು ಕವಲೊಡೆಯುವೆಡೆಯಲ್ಲಿ ಗೋಡೆ ದುರ್ಬಲಗೊಂಡು ಗುಳ್ಳೆಯಂತೆ ಉಬ್ಬುವುದನ್ನು ಅನ್ಯೂರಿಸಂ ಎನ್ನುತ್ತಾರೆ. ಇವುಗಳಲ್ಲಿ ಹೆಚ್ಚಿನವು ಒಡೆಯುವುದೇ ಇಲ್ಲ. ಒಡೆದಾಗ ಮಾತ್ರ ಮಿದುಳಿನ ಹೊದಿಕೆಯ ಕೆಳಗೆ ರಕ್ತ ಹರಡಿ, ಹಿಂದೆಂದೂ ಅನುಭವಿಸದಂತಹ ಉಗ್ರ ತಲೆನೋವು ಒಮ್ಮೆಲೇ ಎರಗುತ್ತದೆ. ವಾಂತಿ, ಕತ್ತಿನ ಬಿಗಿತ, ಕೆಲವರಲ್ಲಿ ಎಚ್ಚರ ತಪ್ಪುವುದೂ ಉಂಟು. ಇದನ್ನು ಪಿತ್ತವೆಂದು ಬಗೆದು ಮಾತ್ರೆ ನುಂಗಿ ಮಲಗುವುದು ಅಪಾಯಕಾರಿ.

ಆಗ ಮೊದಲು ಆಗಬೇಕಾದುದು ಸಾಮಾನ್ಯ ಸಿ.ಟಿ. ಸ್ಕ್ಯಾನ್. ಅದು ಕೆಲವೇ ನಿಮಿಷಗಳ ಕೆಲಸ. ಹೊಸದಾಗಿ ಸ್ರವಿಸಿದ ರಕ್ತ ಅದರಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ. ನೋವು ತೊಡಗಿದ 6 ಗಂಟೆಗಳೊಳಗೆ ತೆಗೆದ ಸಿ.ಟಿ.ಯಲ್ಲಿ ರಕ್ತಸ್ರಾವ ಕಣ್ತಪ್ಪುವುದು ತೀರ ವಿರಳ. ಎಂ.ಆರ್.ಐ.ಗಾದರೋ ಅರ್ಧ ಗಂಟೆಯಷ್ಟು ಕಾಲ ಕಿರಿದಾದ ಸುರಂಗದೊಳಗೆ ಅಲುಗಾಡದೆ ಮಲಗಬೇಕು. ವಾಂತಿ ಮಾಡುತ್ತ ನರಳುವವರಿಂದ ಇದು ಸಾಧ್ಯವೇ? ಒಡೆದ ನಾಳ ಮತ್ತೆ ಸ್ರವಿಸುವ ಭಯವಾದರೂ ಮೊದಲ 24 ಗಂಟೆಗಳಲ್ಲಿಯೇ ಅತ್ಯಧಿಕ. ಬೆಲೆ ಹೆಚ್ಚಿನ ಪರೀಕ್ಷೆಯೇ ಶ್ರೇಷ್ಠವೆಂಬ ನಮ್ಮ ನಂಬಿಕೆ ಇಲ್ಲಿ ಪ್ರಾಣಕ್ಕೆ ಎರವಾಗುತ್ತದೆ.

ಹಾಗೆಂದು ಎಂ.ಆರ್.ಐ.ಯನ್ನು ನಾನು ಹಳಿಯುತ್ತಿಲ್ಲ. ದಿನಗಳೆದಂತೆ ಸಿ.ಟಿ.ಯಲ್ಲಿ ರಕ್ತದ ಗುರುತು ಮಾಸುತ್ತದೆ. ರೋಗಿ ನಾಲ್ಕೈದು ದಿನ ತಡವಾಗಿ ಬಂದಾಗ ಆ ಗುರುತನ್ನು ಎಂ.ಆರ್.ಐ. ತೋರಿಸಬಲ್ಲದು; ಬೆನ್ನುಹುರಿಯ ಸುತ್ತಲಿನ ದ್ರವದ ಪರೀಕ್ಷೆಯೂ ಆಗ ನೆರವಾಗುತ್ತದೆ. ಇನ್ನೂ ಒಡೆಯದ ಉಬ್ಬನ್ನು ಎಕ್ಸ್‌ರೇ ವಿಕಿರಣದ ಹಂಗಿಲ್ಲದೆ ಕಾಣಲು ಎಂ.ಆರ್. ಆಂಜಿಯೋಗ್ರಫಿ ಉತ್ತಮ ಮಾರ್ಗ. ಹೆತ್ತವರು, ಒಡಹುಟ್ಟಿದವರು, ಮಕ್ಕಳು, ಇವರಲ್ಲಿ ಇಬ್ಬರಿಗೆ ಈ ರೋಗ ಬಂದಿದ್ದರೆ ಉಳಿದವರು ವೈದ್ಯರಲ್ಲಿ ಈ ಪರೀಕ್ಷೆಯ ಬಗ್ಗೆ ವಿಚಾರಿಸಬೇಕು.

ಆ ಕೋಣೆಯಲ್ಲಿ ಪ್ರಬಲವಾದ ಅಯಸ್ಕಾಂತವಿರುತ್ತದೆ. ಪೇಸ್‌ಮೇಕರ್ ಅಥವಾ ಹಿಂದಿನ ಶಸ್ತ್ರಚಿಕಿತ್ಸೆಯ ಕ್ಲಿಪ್ ಇದ್ದರೆ ಮೊದಲೇ ತಿಳಿಸಬೇಕು. ಮೈಮೇಲಿನ ಲೋಹದ ವಸ್ತುಗಳನ್ನೆಲ್ಲ ತೆಗೆದಿಡಬೇಕು. ಬೆಳ್ಳಿಯ ಕರಡಿಗೆಯನ್ನು ತೆಗೆಯಲು ಹಿರಿಯರು ಹಿಂಜರಿಯುವುದನ್ನು ಕಂಡಿದ್ದೇನೆ. ಅಷ್ಟು ಹೊತ್ತು ಅದು ಮನೆಯವರ ಕೈಯಲ್ಲಿ ಭದ್ರವಾಗಿರಲಿ.

ಸಿ.ಟಿ.ಯಲ್ಲಿ ರಕ್ತ ಕಂಡೊಡನೆ ಆಂಜಿಯೋಗ್ರಾಮ್ ಮಾಡಿ, ಒಡೆದ ಜಾಗ ಗುರುತಿಸಿ, ಕ್ಲಿಪ್ ಹಾಕಿಯೋ ನಾಳದ ಮೂಲಕವೇ ಲೋಹದ ಸುರುಳಿ ತುಂಬಿಯೋ ಅದನ್ನು ಮುಚ್ಚುತ್ತಾರೆ. ಆದ್ದರಿಂದ ಭಕ್ತಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ: ಅಂತಹ ತಲೆನೋವು ಬಂದಾಗ 108ಕ್ಕೆ ಕರೆ ಮಾಡಿ, ಸಿ.ಟಿ. ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ, ನೋವು ಎಷ್ಟು ಗಂಟೆಗೆ ಆರಂಭವಾಯಿತೆಂಬುದನ್ನು ವೈದ್ಯರಿಗೆ ಮೊದಲು ತಿಳಿಸಿ.