ಮಾಗಡಿ ಕೆರೆಯ ಹೆಬ್ಬಾತು: ಸಭೆ ಊರಾಗ, ಊಟ ಹೊಲದಾಗ

ಚಳಿ ಬಿತ್ತೆಂದರೆ ನಮ್ಮ ಗದಗ ಜಿಲ್ಲೆಗೆ ಎರಡು ಹಿಂಡು ಬಂದಿಳಿಯುತ್ತವೆ. ಒಂದು, ಹಿಮಾಲಯ ದಾಟಿ ಬರುವ ಹೆಬ್ಬಾತುಗಳ ಹಿಂಡು. ಇನ್ನೊಂದು, ಆ ಹೆಬ್ಬಾತುಗಳನ್ನು ಉಳಿಸಿರಪ್ಪಾ ಎಂದು ಭಾಷಣ ಮಾಡಲು ಬರುವ ಮಹನೀಯರ ಹಿಂಡು. ಮೊದಲನೆಯದು ಮಾರ್ಚ್ ತನಕ ಇರುತ್ತದೆ. ಎರಡನೆಯದು ವಂದನಾರ್ಪಣೆ ತನಕ.

ಭಾಷಣವೇ ಬೇಡ ಎಂಬುದು ಈ ಅಂಕಣದ ವಾದವಲ್ಲ. ಬೇಕು. ನಾಲ್ಕು ಜನ ಕೂಡಿ ಮಾತಾಡಿದ್ದರಿಂದಲೇ ಲಕ್ಷಗಟ್ಟಲೆ ಹಕ್ಕಿಗಳ ಜೀವ ಉಳಿದ ಉದಾಹರಣೆ ಈ ದೇಶದಲ್ಲೇ ಇದೆ, ಮುಂದೆ ಹೇಳುತ್ತೇವೆ. ನಮ್ಮ ತಕರಾರು ಬೇರೆ. ಮಾತು ಯಾರ ಜೊತೆ ಆಗಬೇಕೋ ಅವರ ಜೊತೆ ಆಗುತ್ತಿದೆಯೇ?

ಮೊದಲು ಊರಿನ ಪರಿಚಯ. ಮಾಗಡಿ ಎಂದ ಕೂಡಲೇ ಬೆಂಗಳೂರು ಕಡೆಯವರು ಕೆಂಪೇಗೌಡರ ಮಾಗಡಿ ಎಂದುಕೊಳ್ಳುತ್ತಾರೆ. ಅದಲ್ಲ ಸ್ವಾಮಿ, ಇದು ಶಿರಹಟ್ಟಿ ತಾಲೂಕಿನ ಮಾಗಡಿ. ಮಳೆನೀರು ನಿಲ್ಲಿಸಿ ಹೊಲಕ್ಕೆ ಹಾಯಿಸಲೆಂದು ಕಟ್ಟಿಸಿದ ಕೆರೆ. ಸುಮಾರು 50 ಹೆಕ್ಟೇರ್, ಅಂದರೆ ನೂರಿಪ್ಪತ್ತು ಎಕರೆ ಚಿಲ್ಲರೆ. ಈ ಕೆರೆ ರಾಮ್‌ಸಾರ್ ಪಟ್ಟಿಗೆ ಸೇರಿತೆಂದು 2024ರ ಜನವರಿ 31ರಂದು ಕೇಂದ್ರ ಸರ್ಕಾರ ಪ್ರಕಟಿಸಿತು. ಜೌಗು ನೆಲ, ಕೆರೆ, ಅಳಿವೆಗಳನ್ನು ಉಳಿಸಲು 1971ರಲ್ಲಿ ಇರಾನಿನ ರಾಮ್‌ಸಾರ್ ಪಟ್ಟಣದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿ ಅದು. ಅದೇ ದಿನ ವಿಜಯನಗರ ಜಿಲ್ಲೆಯ ಅಂಕಸಮುದ್ರಕ್ಕೂ ಉತ್ತರ ಕನ್ನಡದ ಅಘನಾಶಿನಿ ಅಳಿವೆಗೂ ಈ ಗೌರವ ಸಿಕ್ಕಿತು. ಅದಕ್ಕೆ ಮುಂಚೆ ಇಡೀ ಕರ್ನಾಟಕಕ್ಕೆ ಇದ್ದದ್ದು ರಂಗನತಿಟ್ಟು ಒಂದೇ, ಅದೂ 2022ರಲ್ಲಿ ಸೇರಿದ್ದು.

ಸರ್ಕಾರ ಅಂದು ಕೊಟ್ಟ ಲೆಕ್ಕದ ಪ್ರಕಾರ ಮಾಗಡಿ ಕೆರೆಯಲ್ಲಿ 166 ಜಾತಿಯ ಹಕ್ಕಿ. ಅವುಗಳಲ್ಲಿ 130 ವಲಸೆ ಬರುವಂಥವು. ಚಳಿಗಾಲದಲ್ಲಿ ಬರುವ ಹಕ್ಕಿಗಳ ಸಂಖ್ಯೆ ಸುಮಾರು 8,000. ಇವುಗಳಲ್ಲಿ ಪಟ್ಟದರಸಿ ಪಟ್ಟೆತಲೆ ಹೆಬ್ಬಾತು. ಇಂಗ್ಲಿಷಿನವರು ಬಾರ್ ಹೆಡೆಡ್ ಗೂಸ್ ಅನ್ನುತ್ತಾರೆ. ಬಿಳಿ ತಲೆ, ಅದರ ಹಿಂಬದಿಗೆ ಎರಡು ಕರಿ ಪಟ್ಟೆ. ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆ ಮರಿ ಮಾಡಿ, ಅಲ್ಲಿ ನೀರು ಹೆಪ್ಪುಗಟ್ಟುವ ಹೊತ್ತಿಗೆ ದಕ್ಷಿಣಕ್ಕೆ ಹೊರಡುತ್ತದೆ. ವಿಜ್ಞಾನಿಗಳು ಬೆನ್ನಿಗೆ ಯಂತ್ರ ಕಟ್ಟಿ ನೋಡಿದಾಗ 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ಕಟ್ಟಿ ಬಿಟ್ಟ ಬಾತುಗಳು ಮೈಸೂರು ಸೀಮೆಯ ಕೆರೆಗಳಲ್ಲಿ ಕಂಡಿದ್ದೂ ಉಂಟು. ಪಾಸ್‌ಪೋರ್ಟ್ ಇಲ್ಲ, ವೀಸಾ ಇಲ್ಲ, ನೇರವಾಗಿ ಬಂದು ದಕ್ಷಿಣ ಭಾರತದ ತಮ್ಮ ದೊಡ್ಡ ಬೀಡುಗಳಲ್ಲೊಂದಾದ ನಮ್ಮ ಮಾಗಡಿಗೆ ಇಳಿಯುತ್ತವೆ.

ಇಲ್ಲಿವರೆಗಿನದು ಎಲ್ಲ ಭಾಷಣಗಳಲ್ಲೂ ಬರುತ್ತದೆ. ಇನ್ನು ಮುಂದಿನದು ಬರೋದಿಲ್ಲ.

ಹಗಲು ನೀರು, ರಾತ್ರಿ ಹೊಲ

ಹೆಬ್ಬಾತು ಮೀನು ತಿಂದು ಬದುಕುವ ಹಕ್ಕಿಯಲ್ಲ. ಅದು ದನದ ಹಾಗೆ ಮೇಯುವ ಹಕ್ಕಿ. ಹಗಲು ಕೆರೆಯ ನಡುವೆ, ನಾಯಿ ನರಿ ಬಾರದ ಕಡೆ, ಕೊರಳು ಹಿಂದಕ್ಕೆ ತಿರುಗಿಸಿಕೊಂಡು ನಿದ್ದೆ. ಹೊತ್ತು ಮುಳುಗಿತೋ, ಹಿಂಡಿಗೆ ಹಿಂಡೇ ಕೂಗುತ್ತಾ ಎದ್ದು ಸುತ್ತಲಿನ ಹೊಲಗಳಿಗೆ. ಎಳೆ ಪೈರು, ಉದುರಿದ ಕಾಳು, ನೆಲದಲ್ಲಿ ಉಳಿದ ಶೇಂಗಾ. ಬೆಳಗಾಗುವಷ್ಟರಲ್ಲಿ ಹೊಟ್ಟೆ ತುಂಬಿಸಿಕೊಂಡು ವಾಪಸ್ ಕೆರೆಗೆ. ನಮ್ಮ ಎರಿ ಹೊಲಗಳಲ್ಲಿ ಹಿಂಗಾರಿ ಕಡ್ಲಿ, ಗೋದಿ ನಿಂತಿರುವುದೂ ಅದೇ ತಿಂಗಳುಗಳಲ್ಲಿ.

ಎಂದರೆ ಈ ಹಕ್ಕಿಗೆ ಎರಡು ಮನೆ. ಮಲಗುವ ಮನೆ ಸರ್ಕಾರದ್ದು, ಅಡುಗೆಮನೆ ರೈತನದ್ದು. ಮಲಗುವ ಮನೆಗೆ ನಾಮಫಲಕ ಇದೆ, ಕಾನೂನು ಇದೆ, ಈಗ ಅಂತರರಾಷ್ಟ್ರೀಯ ಬಿರುದೂ ಇದೆ. ಅಡುಗೆಮನೆಯವನನ್ನು ಮಾತಾಡಿಸಿದವರು ಯಾರು?

ಕಡ್ಲಿ ಕುಡಿ ಚಿವುಟಿದರೆ ಗಿಡ ಕವಲೊಡೆಯುತ್ತದೆ ಎನ್ನುವುದು ನಮ್ಮ ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ; ಅವನ ಮನೆಯ ಹೆಣ್ಣುಮಕ್ಕಳು ಚಿವುಟುತ್ತಲೇ ಬಂದಿದ್ದಾರೆ. ಹಕ್ಕಿಯ ಹಿಕ್ಕೆ ಹೊಲಕ್ಕೆ ಗೊಬ್ಬರ ಎಂಬುದೂ ಗೊತ್ತು. ಆದರೆ ಎಲ್ಲಿಗೆ ನಿಲ್ಲಿಸಬೇಕು ಎಂದು ಬಾತು ಟಿಬೆಟ್ಟಿನಲ್ಲಿ ಕಲಿತು ಬಂದಿಲ್ಲವಲ್ಲ! ಹೂವು ಕಾಯಿ ಹಿಡಿಯುವ ಹೊತ್ತಿಗೆ ಐನೂರು ಬಾತು ಒಂದೇ ರಾತ್ರಿ ಒಂದೇ ಹೊಲಕ್ಕೆ ಇಳಿದರೆ ಎರಡೆಕರೆಯವನ ಗತಿ ಏನು? ನೂರು ಎಕರೆಗೆ ಹಂಚಿಹೋದ ನಷ್ಟ ಯಾರಿಗೂ ಗೊತ್ತಾಗುವುದಿಲ್ಲ. ಒಬ್ಬನ ತಲೆಗೆ ಬಿದ್ದ ನಷ್ಟ ಅವನ ವರ್ಷದ ಲೆಕ್ಕವನ್ನೇ ತಪ್ಪಿಸುತ್ತದೆ. ಆನೆ ನುಗ್ಗಿದರೆ ಹೆಜ್ಜೆ ಕಾಣುತ್ತದೆ, ಪಂಚನಾಮೆ ಆಗುತ್ತದೆ. ರಾತ್ರಿ ಮೇಯ್ದು ಬೆಳಗಿಗೆ ಕೆರೆ ಸೇರಿದ ಬಾತಿನ ಪಂಚನಾಮೆಯನ್ನು ಯಾವ ಸಾಹೇಬರು ಬರೆಯುತ್ತಾರೆ?

ಹೀಗಿದ್ದೂ ಮಾಗಡಿ ಸೀಮೆಯವರು ಈ ಹಕ್ಕಿಗಳನ್ನು ಓಡಿಸಿಲ್ಲ. ಓಡಿಸಿದ್ದರೆ ಈ 8,000ದ ಲೆಕ್ಕ ಎಲ್ಲಿಂದ ಬರುತ್ತಿತ್ತು? ಆ ಸಹನೆಯೇ ಈ ಕೆರೆಯ ನಿಜವಾದ ಕಾವಲು. ನಮ್ಮ ಜಾಗೃತಿ ಸಭೆಗಳ ಪದ್ಧತಿ ನೋಡಿ: ಮುಂದಿನ ಸಾಲಿನಲ್ಲಿ ಸಮವಸ್ತ್ರದ ಶಾಲಾ ಮಕ್ಕಳು, ವೇದಿಕೆ ಮೇಲೆ ಅಧಿಕಾರಿಗಳು, ಹಾರ, ಶಾಲು, ಪ್ರತಿಜ್ಞಾವಿಧಿ. ಮಕ್ಕಳಿಗೆ ಹೇಳುವುದು ಒಳ್ಳೆಯದೇ. ಆದರೆ ಕಡ್ಲಿ ಹೊಲ ಮಕ್ಕಳ ಹೆಸರಲ್ಲಿಲ್ಲ.

ದಿನಾಂಕವೂ ಹಾಗೆಯೇ. ವಿಶ್ವ ವಲಸೆ ಹಕ್ಕಿ ದಿನ ಮೇ ತಿಂಗಳ ಎರಡನೇ ಶನಿವಾರ ಮತ್ತು ಅಕ್ಟೋಬರ್ ತಿಂಗಳ ಎರಡನೇ ಶನಿವಾರ. ಮೇ ತಿಂಗಳಲ್ಲಿ ಹೆಬ್ಬಾತು ಮಂಗೋಲಿಯಾದಲ್ಲಿ ಮೊಟ್ಟೆಗೆ ಕಾವು ಕೊಡುತ್ತಿರುತ್ತದೆ. ಅಕ್ಟೋಬರಿನಲ್ಲಿ ಇನ್ನೂ ದಾರಿಯಲ್ಲಿರುತ್ತದೆ. ಅತಿಥಿ ಇಲ್ಲದ ದಿನ ಸ್ವಾಗತ ಸಮಾರಂಭ!

ಸಮಿತಿಯ ಕುರ್ಚಿಗಳು

ಮಾಗಡಿ ಕೆರೆ ಕಾನೂನಿನ ಪ್ರಕಾರ ಸಂರಕ್ಷಣಾ ಮೀಸಲು. 1972ರ ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ತಂದು ಈ ದರ್ಜೆ ಮಾಡಿದರು. ಘೋಷಿಸುವ ಮುಂಚೆ ಸ್ಥಳೀಯ ಜನರೊಡನೆ ಸಮಾಲೋಚನೆ ನಡೆಸಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಆಮೇಲೆ ಒಂದು ಸಮಿತಿ. ಅದರಲ್ಲಿ ಅರಣ್ಯ ಇಲಾಖೆಯವರು ಒಬ್ಬರು, ಆ ವ್ಯಾಪ್ತಿಯ ಪ್ರತಿ ಗ್ರಾಮ ಪಂಚಾಯ್ತಿಯಿಂದ ಒಬ್ಬೊಬ್ಬರು, ವನ್ಯಜೀವಿ ಸಂಸ್ಥೆಗಳ ಮೂವರು, ಕೃಷಿ ಇಲಾಖೆ ಮತ್ತು ಪಶುಸಂಗೋಪನಾ ಇಲಾಖೆಯಿಂದ ಒಬ್ಬೊಬ್ಬರು. ಕೃಷಿ ಇಲಾಖೆಗೆ ಕುರ್ಚಿ ಇದೆ, ಕೃಷಿಕನಿಗೆ ಇಲ್ಲ. ಪಂಚಾಯ್ತಿ ಸದಸ್ಯನೇ ರೈತನಾಗಿದ್ದರೆ ಅವನ ಪುಣ್ಯ. ಅದೂ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಸಲಹೆ ಕೊಡುವ ಸಮಿತಿ ಮಾತ್ರ.

ಅದೇ ಕಾಯ್ದೆಯಲ್ಲಿ ಸಮುದಾಯ ಮೀಸಲು ಎಂಬ ಇನ್ನೊಂದು ದರ್ಜೆ ಇದೆ. ಅಲ್ಲಿ ಪಂಚಾಯ್ತಿ ಹೆಸರಿಸಿದ ಊರಿನ ಐವರಾದರೂ ಸಮಿತಿಯಲ್ಲಿ ಕೂರುತ್ತಾರೆ. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರು 2007ರಲ್ಲಿ ಈ ದರ್ಜೆಗೆ ಬಂತು. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಕಾಡಿನಲ್ಲಲ್ಲ, ಊರ ನಡುವಿನ ಹುಣಸೆ ಮರಗಳ ಮೇಲೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದೇ ಊರವರ ಮಾತು. ಚೆಂದದ ಮಾತು, ಎಲ್ಲ ಭಾಷಣಕಾರರೂ ಬಳಸುತ್ತಾರೆ. ಆದರೆ ತವರಿನ ಮಾತಿನ ಜೊತೆಗೆ ಅಲ್ಲಿ ಇನ್ನೊಂದೂ ನಡೆಯಿತು. ಗೂಡು ಕಟ್ಟಿದ ಮರದಲ್ಲಿ ಹುಣಸೆ ಬಡಿಯಲಾಗದೆ ಆಗುವ ನಷ್ಟಕ್ಕೆ ಅರಣ್ಯ ಇಲಾಖೆ ಮರದ ಒಡೆಯನಿಗೆ ಹಣ ಕೊಡುವ ಏರ್ಪಾಡು ಮಾಡಿತು. ಮಗಳು ತವರಿಗೆ ಬಂದಳು ಸರಿ, ಬಾಣಂತನದ ಖರ್ಚನ್ನು ಅಪ್ಪ ಒಬ್ಬನೇ ಹೊರಲಿ ಅನ್ನಲಿಲ್ಲ.

ಇದೇ ತವರಿನ ಮಾತು ಗುಜರಾತಿನ ಕಡಲ ಮೇಲೂ ಕೆಲಸ ಮಾಡಿದೆ. ಅಲ್ಲಿಗೆ ವಲಸೆ ಬರುವ ತಿಮಿಂಗಿಲ ಶಾರ್ಕ್ ಎಂಬ ದೈತ್ಯ ಮೀನನ್ನು ವೆರಾವಲ್ ಕಡೆಯ ಬೆಸ್ತರು ಎಣ್ಣೆಗೆ, ಮಾಂಸಕ್ಕೆ ಹಿಡಿಯುತ್ತಿದ್ದರು. 2001ರಲ್ಲಿ ಕಾನೂನು ರಕ್ಷಣೆ ಬಂತು. 2004ರಲ್ಲಿ ಕಥಾವಾಚಕ ಮೊರಾರಿ ಬಾಪು ಅವರು ಅದನ್ನು ತವರಿಗೆ ಬರುವ ಮಗಳೆಂದು ಕರೆದು ಸಭೆಗಳಲ್ಲಿ ಹೇಳಿದರು. ಬೆಸ್ತರ ಮನಸ್ಸು ಕರಗಿತು. ಆದರೆ ಮೀನು ಬಿಡಿಸಲು ಸಾವಿರಾರು ರೂಪಾಯಿಯ ಬಲೆ ಕತ್ತರಿಸಬೇಕಲ್ಲ? ಆ ಬಲೆಗೆ ಪರಿಹಾರ ಕೊಟ್ಟರು. ಸಾಕ್ಷಿಗೆ ಸರ್ಕಾರಿ ದೋಣಿ ಕಾಯಲಿಲ್ಲ. ಬೆಸ್ತರ ಕೈಗೇ ಕ್ಯಾಮೆರಾ ಕೊಟ್ಟು, ಬಿಡಿಸುವಾಗ ನೀವೇ ಫೋಟೋ ತೆಗೆಯಿರಿ, ಅದೇ ಪುರಾವೆ ಎಂದರು. ಇಲ್ಲಿ ಕೊಂಚ ನಿಲ್ಲಬೇಕು. ಇವತ್ತು ನಮ್ಮ ಎಷ್ಟೋ ರೈತರ ಜೇಬಿನಲ್ಲಿ ಕ್ಯಾಮೆರಾ ಇರುವ ಮೊಬೈಲ್ ಇದೆ. ಬಾತು ಬಿಟ್ಟುಹೋದ ಹಿಕ್ಕೆ, ಜಾಲಪಾದದ ಗುರುತು, ಕತ್ತರಿಸಿದ ಕುಡಿ, ಎಲ್ಲ ಬೆಳಗಿನ ಬೆಳಕಿಗೆ ಹೊಲದಲ್ಲೇ ಬಿದ್ದಿರುತ್ತವೆ. ಆ ಫೋಟೋವನ್ನು ಪುರಾವೆ ಎಂದು ಒಪ್ಪುವುದಕ್ಕೆ ಏನು ಅಡ್ಡಿ?

ಇನ್ನು ಲಕ್ಷಗಟ್ಟಲೆ ಹಕ್ಕಿ ಉಳಿದ ಕತೆ. ನಾಗಾಲ್ಯಾಂಡಿನ ವೋಖಾ ಜಿಲ್ಲೆಯಲ್ಲಿ ದೋಯಾಂಗ್ ಜಲಾಶಯ, ಅದರ ಪಕ್ಕ ಪಂಗ್ತಿ ಎಂಬ ಹಳ್ಳಿ. ಚೀನಾ, ಸೈಬೀರಿಯಾ ಕಡೆಯಿಂದ ದಕ್ಷಿಣ ಆಫ್ರಿಕಾಕ್ಕೆ ಹೋಗುವ ಅಮೂರ್ ಫಾಲ್ಕನ್ ಎಂಬ ಪುಟ್ಟ ಬೇಟೆಹಕ್ಕಿ, ಪಾರಿವಾಳಕ್ಕಿಂತಲೂ ಹಗುರ, ಅಕ್ಟೋಬರಿನಲ್ಲಿ ಅಲ್ಲಿ ತಂಗುತ್ತದೆ. 2012ರಲ್ಲಿ ಮೀನಿನ ಬಲೆಗಳನ್ನೇ ಮರಗಳ ನಡುವೆ ಕಟ್ಟಿ ಒಂದೇ ಹಂಗಾಮಿನಲ್ಲಿ 1,20,000ದಿಂದ 1,40,000 ಹಕ್ಕಿ ಹಿಡಿದರೆಂದು ಅಂದಾಜು. ಇದನ್ನು ಹೊರಜಗತ್ತಿಗೆ ತೋರಿಸಿದವರಲ್ಲಿ ನಾಗಾಲ್ಯಾಂಡಿನ ಪತ್ರಕರ್ತೆ ಬಾನೋ ಹರಾಲು ಅವರೂ ನಮ್ಮ ಬೆಂಗಳೂರಿನ ರಾಮ್ಕಿ ಶ್ರೀನಿವಾಸನ್ ಅವರೂ ಇದ್ದರು. ಮಾರನೇ ವರ್ಷ, 2013ರಲ್ಲಿ, ಬಲೆಗೆ ಬಿದ್ದ ಹಕ್ಕಿ ಸೊನ್ನೆ!

ಪೊಲೀಸ್ ಪಡೆ ಬಂತೇ? ಲಾಠಿ ಬೀಸಿದರೇ? ಅದರಿಂದ ಆದದ್ದಲ್ಲ. ಹಳ್ಳಿಯ ಮಂಡಳಿ ಕೂತು ನಿಷೇಧ ಹಾಕಿತು, ತಪ್ಪಿದವರಿಗೆ ದಂಡ ಗೊತ್ತುಮಾಡಿತು. ಚರ್ಚಿನಲ್ಲಿ ಮಾತಾಯಿತು. ಹಕ್ಕಿ ಹಿಡಿಯುತ್ತಿದ್ದವರನ್ನೇ ಕೂರಿಸಿಕೊಂಡು ಮಾತಾಡಿದರು. ಆಣೆಕಟ್ಟಿಗೆ ಹೊಲ ಕಳಕೊಂಡ ಊರು ಅದು; ಹಕ್ಕಿ ಮಾರಿದ ದುಡ್ಡಿಗೆ ಬದಲಿ ಏನು ಎಂಬ ಪ್ರಶ್ನೆ ಅಲ್ಲಿ ಮರೆಯಲ್ಲಿ ಉಳಿಯಲಿಲ್ಲ. ಆ ವರ್ಷ ನವೆಂಬರಿನಲ್ಲಿ ಮೂರು ಹಕ್ಕಿಗೆ ಉಪಗ್ರಹ ಯಂತ್ರ ಕಟ್ಟಿ ನಾಗಾ, ವೋಖಾ, ಪಂಗ್ತಿ ಎಂದೇ ಹೆಸರಿಟ್ಟು ಹಾರಬಿಟ್ಟರು. ಅವು ನಮ್ಮ ದಖನ್ನಿನ ಕಡೆಯಿಂದಲೇ ಹಾದು ಅರಬ್ಬಿ ಸಮುದ್ರ ದಾಟಿದವು. ಊರಿನ ಹೆಸರು ಹೊತ್ತ ಹಕ್ಕಿಯನ್ನು ಆ ಊರವರು ಹೊಡೆದಾರೆಯೇ?

ಮಾತಾಡಲು ಇನ್ನೆರಡು ವಿಷಯ

ಒಂದು, ರೋಗ. 2020ರ ಡಿಸೆಂಬರ್ ಕೊನೆಗೆ ಹಿಮಾಚಲದ ಪೊಂಗ್ ಜಲಾಶಯದಲ್ಲಿ ಹಕ್ಕಿಜ್ವರ ಬಂದು ಕೆಲವೇ ವಾರಗಳಲ್ಲಿ ಸಾವಿರಾರು ವಲಸೆ ಹಕ್ಕಿ ಸತ್ತವು. ಸತ್ತವುಗಳಲ್ಲಿ ಹೆಚ್ಚಿನವು ಇದೇ ಪಟ್ಟೆತಲೆ ಹೆಬ್ಬಾತು. ಇದನ್ನು ಹೇಳಿದರೆ ಜನ ಹೆದರುತ್ತಾರೆ ಎಂದು ಮುಚ್ಚಿಡುವುದು ಮೂರ್ಖತನ. ಸತ್ತ ಬಾತನ್ನು ಕೈಯಲ್ಲಿ ಮುಟ್ಟಬಾರದು, ನಾಯಿಗೆ ಹಾಕಬಾರದು, ಮನೆಯ ಕೋಳಿಗಳನ್ನು ಕೆರೆ ದಂಡೆಗೆ ಬಿಡಬಾರದು, ಕೂಡಲೇ ಪಶುವೈದ್ಯರಿಗೆ ತಿಳಿಸಬೇಕು. ಐದು ನಿಮಿಷದ ಮಾತು. ಪಶುಸಂಗೋಪನೆಗೆ ಸಮಿತಿಯಲ್ಲಿ ಕುರ್ಚಿ ಇದೆಯಲ್ಲ, ಅವರೇ ಹೇಳಲಿ.

ಎರಡು, ಹೂಳು. ಕೆರೆ ಹೂಳೆತ್ತಿ ಎಂದು ರೈತ ಕೇಳಿದರೆ ಹಕ್ಕಿಪ್ರೇಮಿ ಬೆಚ್ಚುತ್ತಾನೆ, ಮುಟ್ಟಬೇಡಿ ಎಂದು ಹಕ್ಕಿಪ್ರೇಮಿ ಅಂದರೆ ರೈತ ಸಿಟ್ಟಾಗುತ್ತಾನೆ. ಇಬ್ಬರೂ ಅರ್ಧರ್ಧ ಸರಿ. ಜೆಸಿಬಿ ಬಿಟ್ಟು ದಂಡೆಯನ್ನು ಬಾವಿಯ ಹಾಗೆ ನೆಟ್ಟಗೆ ಕಡಿದರೆ ಮೊಳಕಾಲುದ್ದ ನೀರಿನಲ್ಲಿ ಹುಳ ಹೆಕ್ಕುವ ಉದ್ದಕಾಲಿನ ಹಕ್ಕಿಗಳಿಗೆ ನಿಲ್ಲಲು ನೆಲೆ ಇಲ್ಲ. ಹೂಳು ಹಾಗೇ ಬಿಟ್ಟರೆ ಫೆಬ್ರವರಿಗೇ ನೀರು ಬತ್ತಿ ಹಕ್ಕಿಗೂ ಇಲ್ಲ, ದನಕ್ಕೂ ಇಲ್ಲ. ನಡುವೆ ಆಳ, ಅಂಚಿಗೆ ಇಳಿಜಾರು ಉಳಿಸಿ ತೆಗೆಯಬಹುದು. ಹಕ್ಕಿ ಬರುವ ಮುಂಚೆ, ಬೇಸಿಗೆಯಲ್ಲಿ ಆಗುವ ಕೆಲಸ. ಎಷ್ಟು ಆಳ, ಎಲ್ಲಿ ಇಳಿಜಾರು, ಎತ್ತಿದ ಮಣ್ಣು ಯಾರ ಹೊಲಕ್ಕೆ ಎಂಬುದು ವೇದಿಕೆಯ ಮೇಲಿಂದ ತೀರ್ಮಾನ ಆಗುವಂಥದ್ದಲ್ಲ. ಕೆರೆ ಏರಿ ಮೇಲೆ ನಿಂತು ಕೈ ತೋರಿಸಿ ಮಾತಾಡಬೇಕಾದದ್ದು.

ಬಿರುದು ಬಂದಾಗಿದೆ. ಹೊರಗಿನಿಂದ ಕಾರುಗಳೂ ಬರುತ್ತವೆ, ಉದ್ದ ಲೆನ್ಸಿನ ಕ್ಯಾಮೆರಾಗಳೂ ಬರುತ್ತವೆ. ಮುಂದಿನ ಹಿಂಗಾರಿ ಬಿತ್ತನೆಗೆ ಮುಂಚೆ ಮಾಗಡಿಯಲ್ಲಿ ಒಂದು ಗ್ರಾಮಸಭೆ ಕರೆಯಲಿ. ಶಾಲು ಬೇಡ, ಹಾರ ಬೇಡ. ಕೆರೆಯ ಸುತ್ತಲಿನ ಸರ್ವೆ ನಂಬರುಗಳ ಪಟ್ಟಿ ಹಿಡಿದು ತಲಾಟಿ ಕೂರಲಿ, ಅರಣ್ಯ ಇಲಾಖೆ, ಕೃಷಿ ಇಲಾಖೆಯವರು ಎದುರು ಕೂರಲಿ, ಕಳೆದ ಚಳಿಗಾಲ ಯಾವ ಹೊಲಕ್ಕೆ ಎಷ್ಟು ರಾತ್ರಿ ಬಾತು ಇಳಿಯಿತು ಎಂದು ಹೊಲದವರೇ ಒಬ್ಬೊಬ್ಬರಾಗಿ ಹೇಳಲಿ, ಅದನ್ನು ಒಬ್ಬರು ಬರೆದುಕೊಳ್ಳಲಿ. ಆ ಪಟ್ಟಿ ಜಿಲ್ಲಾಧಿಕಾರಿಗಳ ಮೇಜಿಗೆ ಹೋದ ದಿನ ಈ ಅಂಕಣದಲ್ಲೂ ಅಚ್ಚಾಗುತ್ತದೆ.