ಹಡಗಿನಾಗ ಹರಿಗೋಲಿನ ಪಾಠ

ಮಕ್ಕಳೇ, ಹೋದ ರವಿವಾರ ಮೊಮ್ಮಗಳನ್ನು ಕರೆದುಕೊಂಡು ನಮ್ಮ ಹಮ್ಮಿಗಿಯ ಬ್ಯಾರೇಜಿನ ಕಡೆ ಹೋಗಿದ್ದೆ. ಸಂಜೆಯ ಗಾಳಿ ಜೋರಾಗಿತ್ತು. ತುಂಗಭದ್ರೆಯ ಹಿನ್ನೀರಿನಲ್ಲಿ ಸಣ್ಣ ಸಣ್ಣ ತೆರೆಗಳೆದ್ದು ದಂಡೆಯ ಕಲ್ಲಿಗೆ ಪಟಪಟ ಬಡಿಯುತ್ತಿದ್ದವು. ಹುಡುಗಿ ಅದನ್ನೇ ದಿಟ್ಟಿಸಿ ನೋಡುತ್ತ, “ಅಜ್ಜಾ, ಸಮುದ್ರದಾಗ ಇದಕ್ಕಿಂತ ದೊಡ್ಡ ತೆರಿ ಬರ್ತಾವೇನು?” ಎಂದಳು.

“ಬರ್ತಾವ. ಯಾಕವಾ?”

“ಸಾಲಿಯವ್ರು ಪ್ರವಾಸಕ್ಕ ಉಡುಪಿಗೆ ಕರಕೊಂಡು ಹೋಗ್ತಾರಂತ. ಮಲ್ಪೆಯಿಂದ ಬೋಟಿನಾಗ ಸೇಂಟ್ ಮೇರೀಸ್ ದ್ವೀಪಕ್ಕ ಹೋಗೋದೈತಿ. ನಾ ಒಲ್ಲೆ. ಬೋಟ್ ಮುಳುಗಿದ್ರ?”

‘ಹುಚ್ಚಿ, ಏನೂ ಆಗಂಗಿಲ್ಲ’ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಮೂವತ್ತು ವರ್ಷದ ಹಿಂದೆ ಇದೇ ಮಾತನ್ನು ಒಬ್ಬರಿಗೆ ಹೇಳಿ ನಾನು ಪೆಚ್ಚಾಗಿದ್ದೇನೆ. ಆ ಕತೆಯನ್ನು ಅವಳಿಗೆ ಅಲ್ಲೇ ಕಟ್ಟೆಯ ಮೇಲೆ ಕೂತು ಹೇಳಿದೆ. ಈಗ ನಿಮಗೂ ಹೇಳುತ್ತೇನೆ.

ನನ್ನ ಅವ್ವನ ತವರು ಹೊಳೆಯ ಆಚೆ ದಂಡೆ, ಹೂವಿನ ಹಡಗಲಿ ಸೀಮೆ. ವಿಜಯನಗರದ ಕಾಲದಲ್ಲಿ ಅಲ್ಲಿಂದ ಹಂಪಿಗೆ ಹಡಗಿನಲ್ಲಿ ಹೂವು ಹೋಗುತ್ತಿತ್ತು, ಅದಕ್ಕೇ ಆ ಊರಿಗೆ ಆ ಹೆಸರು ಎಂದು ಹಿರಿಯರು ಹೇಳುತ್ತಾರೆ. ಅವ್ವನ ಕಾಲಕ್ಕೆ ಹಡಗು ಎಲ್ಲಿಯದು? ಬಿದಿರು ಹೆಣೆದು ತೊಗಲು ಹೊದಿಸಿದ ಹರಿಗೋಲಿನಲ್ಲೇ ಹೊಳೆ ದಾಟಬೇಕು. ಅವ್ವ ಸಣ್ಣವಳಿದ್ದಾಗ ಒಂದು ಮಳೆಗಾಲ ಹೊಳೆ ತುಂಬಿ ಬಂದಿತ್ತು. ನಡುನೀರಿನಲ್ಲಿ ಹರಿಗೋಲು ಗಿರ್ರನೆ ತಿರುಗಿದಾಗ ಒಳಗಿದ್ದವರು ಹೆದರಿ ಎದ್ದು ನಿಂತರು. ಹರಿಗೋಲು ಮಗುಚಿತು. ಅವ್ವನ ಅಣ್ಣ ಮರಳಿ ಬರಲಿಲ್ಲ. ಆಮೇಲೆ ಅವ್ವ ಹರಿಗೋಲು ಹತ್ತಲಿಲ್ಲ. ಎದುರು ಕಾಣುವ ತವರಿಗೆ ಸುತ್ತು ಹಾಕಿ ಬಸ್ಸಿನಲ್ಲೇ ಹೋಗುತ್ತಿದ್ದಳು.

ಇಂಥ ಅವ್ವನನ್ನು ನಾನು ಹಡಗು ಹತ್ತಿಸಿದೆ. ನನ್ನ ತಮ್ಮನಿಗೆ ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿ ನೌಕರಿ. ಅವನ ಹೆಂಡತಿಗೆ ದಿನ ತುಂಬಿತ್ತು, ಬಾಣಂತನಕ್ಕೆ ಅವ್ವ ಬೇಕಾಗಿತ್ತು. ವಿಮಾನಕ್ಕೆ ನಮ್ಮ ಕೈಯಲ್ಲಿ ದುಡ್ಡಿರಲಿಲ್ಲ. ಅವ್ವ ಕೇಳಿದಳು, “ನೀರು ಹೆಂಗಿರ್ತೈತೋ?” ನಾನು ಸಮುದ್ರವನ್ನೇ ನೋಡಿದವನಲ್ಲ. ಆದರೂ, “ಯವ್ವಾ, ಹಡಗಂದ್ರ ನಮ್ಮ ಊರಷ್ಟು ದೊಡ್ಡದು. ಅಲುಗಾಡೂ ಇಲ್ಲ” ಎಂದೆ.

ಗದಗಿನಿಂದ ರೈಲು ಹತ್ತಿ, ನಡುವೆ ಬದಲಿಸಿ ಮದ್ರಾಸು ಸೇರಿದೆವು. ಅಲ್ಲಿಂದ ಪೋರ್ಟ್ ಬ್ಲೇರಿಗೆ ನೀರಿನ ದಾರಿ ಸುಮಾರು 1,200 ಕಿಲೋಮೀಟರು, ಮೂರು ದಿನದ ಪಯಣ. ನಮ್ಮದು ಎಲ್ಲಕ್ಕಿಂತ ಕಡಿಮೆ ದರದ ಬಂಕ್ ಕ್ಲಾಸು. ಒಂದೇ ದೊಡ್ಡ ಕೋಣೆ, ಒಂದರ ಮೇಲೊಂದು ಹಾಸಿಗೆ, ನೂರಾರು ಜನ. ಮೊದಲ ದಿನ ಸಮುದ್ರ ಎಣ್ಣೆಯಂತೆ ಸುಮ್ಮನಿತ್ತು. ಸಿಬ್ಬಂದಿ ಎಲ್ಲರಿಗೂ ಜೀವರಕ್ಷಕ ಜಾಕೆಟ್ ತೊಡಿಸಿ ಕಲಿಸಿದರು. ಏಳು ಗಿಡ್ಡ ಸದ್ದು, ಆಮೇಲೆ ಒಂದು ಉದ್ದ ಸದ್ದು ಕೇಳಿದರೆ ಅದು ಅಪಾಯದ ಕರೆ, ಎಲ್ಲರೂ ಗೊತ್ತುಮಾಡಿದ ಜಾಗಕ್ಕೆ ಬರಬೇಕು ಎಂದರು. ಜಗತ್ತಿನ ಪ್ರಯಾಣಿಕರ ಹಡಗುಗಳಲ್ಲೆಲ್ಲ ಇದೇ ಕರೆ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ, 1914ರಲ್ಲಿ ದೇಶದೇಶಗಳು ಕೂಡಿ ಸಮುದ್ರದ ಮೇಲಿನ ಜೀವರಕ್ಷಣೆಗೆ ಕಟ್ಟಳೆ ಮಾಡಿಕೊಂಡವು. ಅಂಥ ತಾಲೀಮು ಅದರಿಂದಲೇ ಬೆಳೆದು ಬಂದದ್ದು.

ಎರಡನೆಯ ದಿನ ಮಧ್ಯಾಹ್ನ ಮೋಡ ಕವಿಯಿತು. ಅಕ್ಟೋಬರ್ ತಿಂಗಳು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತಗಳು ಏಳುವ ಹೊತ್ತು ಅದೇ. ಹೊರಗಿನ ಬಾಗಿಲುಗಳನ್ನು ಮುಚ್ಚಿದರು, ದುಂಡನೆಯ ಕಿಟಕಿಗಳಿಗೆ ಕಬ್ಬಿಣದ ಮುಚ್ಚಳ ಬಿಗಿದರು. ಹಡಗಿನ ಮೂತಿ ಮೇಲಕ್ಕೆ ಏಳುತ್ತಿತ್ತು, ಒಂದು ಗಳಿಗೆ ನಿಂತಂತಾಗಿ ಧೊಪ್ಪನೆ ಕೆಳಗಿಳಿಯುತ್ತಿತ್ತು. ತಾಟು, ಲೋಟ, ಚಪ್ಪಲಿ, ಟ್ರಂಕು ಎಲ್ಲ ಈ ಗೋಡೆಯಿಂದ ಆ ಗೋಡೆಗೆ ಓಡಾಡಿದವು.

ಮೊದಲು ಮಲಗಿದವನೇ ನಾನು. ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಬಂತು. ಅವ್ವ ನನ್ನ ತಲೆ ಹಿಡಿದುಕೊಂಡು, “ಅಲುಗಾಡೂ ಇಲ್ಲ ಅಂದಿದ್ದೆಲ್ಲೋ” ಎಂದಳು. ಬೈಗುಳ ಅಷ್ಟೇ. ಆದರೆ ಅವಳ ಕೈ ಗಡಗಡ ನಡುಗುತ್ತಿತ್ತು. ನನಗೆ ಸಂಕಟಕ್ಕಿಂತ ನಾಚಿಕೆ ಹೆಚ್ಚಾಯಿತು.

ರಾತ್ರಿ ಒಂದು ದೊಡ್ಡ ತೆರೆ ಅಪ್ಪಳಿಸಿ ದೀಪ ಒಮ್ಮೆ ಹೋಗಿ ಬಂತು. ಕೋಣೆಯ ತುಂಬ ಚೀರಾಟ. ಹತ್ತಾರು ಜನ ಎದ್ದು ಬಾಗಿಲ ಕಡೆ ನುಗ್ಗಿದರು. ಆಗ ಅವ್ವ ನನ್ನ ತಲೆಯನ್ನು ದಿಂಬಿಗಿಟ್ಟು, ನೆಲದ ಮೇಲೆ ಚಕ್ಕಳಮಕ್ಕಳ ಕೂತು, ಹೊಲದ ಆಚೆ ಬದುವಿಗೆ ಕೇಳುವ ಹಾಗೆ ಕೂಗಿದಳು: “ಕೂಡ್ರೀ! ಎಲ್ಲಾರೂ ಕೂಡ್ರೀ! ನಿಂತ್ರ ಮಗಚ್ತೈತಿ!”

ಅಲ್ಲಿದ್ದವರಲ್ಲಿ ತಮಿಳರು, ತೆಲುಗರು, ಬಂಗಾಳಿಗಳೇ ಹೆಚ್ಚು. ಕನ್ನಡ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ನೆಲಕ್ಕೆ ಅಂಗೈ ಬಡಿಯುತ್ತ ಕೂಗುವ ಮುದುಕಿಯ ಮಾತು ತಿಳಿಯಲು ಭಾಷೆ ಬೇಕೆ? ಪಕ್ಕದ ಬಂಕಿನ ಹುಡುಗಿ ಕೂಸನ್ನು ಅವಚಿಕೊಂಡು ಅವ್ವನ ಹತ್ತಿರ ಕೂತಳು. ಅವಳ ಹಿಂದೆ ಇನ್ನಿಬ್ಬರು, ಆಮೇಲೆ ಎಲ್ಲರೂ. ಅಷ್ಟರಲ್ಲಿ ಓಡಿ ಬಂದ ಸಿಬ್ಬಂದಿಯವನು ನೋಡುತ್ತಾನೆ, ಎಲ್ಲರೂ ನೆಲದ ಮೇಲೆ, ಒಬ್ಬರ ತೋಳು ಒಬ್ಬರು ಹಿಡಿದು ಕೂತಿದ್ದಾರೆ. ಅವನು ಅವ್ವನಿಗೆ ಕೈಮುಗಿದ.

ದೊಡ್ಡ ಹಡಗು ಒಂದು ಕೋಣೆಯವರು ಎದ್ದು ನಿಂತ ಮಾತ್ರಕ್ಕೆ ಮಗುಚುವುದಿಲ್ಲ, ಅದು ನಿಜ. ಆದರೆ ಆ ಹೊಯ್ದಾಟದಲ್ಲಿ ನಿಂತವರು ಬಿದ್ದು ಕೈಕಾಲು ಮುರಿದುಕೊಳ್ಳುತ್ತಾರೆ, ಬಾಗಿಲಲ್ಲಿ ತುಳಿದಾಟವಾಗುತ್ತದೆ. ಸಣ್ಣ ಹಡಗಿನಲ್ಲಂತೂ ಅವ್ವನ ಮಾತು ಅಕ್ಷರಶಃ ಸತ್ಯ. 1947ರ ಜುಲೈ 17ರಂದು ಮುಂಬೈಯಿಂದ ರೇವಸ್‌ಗೆ ಹೊರಟ ‘ರಾಮದಾಸ್’ ಎಂಬ ಪ್ರಯಾಣಿಕರ ಹಡಗು ಮಳೆಗಾಳಿಗೆ ಸಿಕ್ಕು ಒಂದು ಮಗ್ಗುಲಿಗೆ ವಾಲಿತು. ಗಾಬರಿಯಾದ ಜನ ಒಂದೇ ಬದಿಗೆ ನುಗ್ಗಿದರು, ಹಡಗು ಮಗುಚಿತು ಎನ್ನುತ್ತಾರೆ. 600ಕ್ಕೂ ಹೆಚ್ಚು ಜನ ಸತ್ತರು. ಅಂದು ನಮ್ಮ ಕರಾವಳಿಯವರೂ ಮುಂಬೈ, ಕಾರವಾರ, ಮಂಗಳೂರುಗಳ ನಡುವೆ ಆಗಬೋಟುಗಳಲ್ಲಿ ಓಡಾಡುತ್ತಿದ್ದರು. ಮಳೆಗಾಲದಲ್ಲಿ ಆ ದೂರದ ಓಡಾಟ ನಿಲ್ಲುತ್ತಿತ್ತು. ಸಮುದ್ರಕ್ಕೆ ಹೆದರಬೇಕಾದ ಹೊತ್ತಿನಲ್ಲಿ ಹೆದರುವುದೂ ಜಾಣತನವೇ.

ಮರುದಿನ ಗಾಳಿ ಇಳಿಯಿತು. ಆ ಸಿಬ್ಬಂದಿಯವನು ನಮಗೆ ಕೆಲವು ಗುಟ್ಟು ಹೇಳಿಕೊಟ್ಟ. ತೆರೆ ಅಡ್ಡಲಾಗಿ ಬಡಿದರೆ ಹಡಗು ಪಕ್ಕಕ್ಕೆ ಹೊರಳುತ್ತದೆ, ಅದು ಅಪಾಯ. ಅದಕ್ಕೇ ಕಪ್ತಾನರು ರಾತ್ರಿಯಿಡೀ ವೇಗ ತಗ್ಗಿಸಿ, ಹಡಗಿನ ಮೂತಿಯನ್ನು ತೆರೆಗೇ ಎದುರಾಗಿ ಹಿಡಿದಿದ್ದರಂತೆ. ನಾವು ಅರ್ಧ ದಿನ ತಡವಾಗಿ ಮುಟ್ಟಿದ್ದು ಅದಕ್ಕೇ. ಇನ್ನು ವಾಂತಿ ಯಾಕೆ? ನಮ್ಮ ಕಿವಿಯ ಒಳಗೆ ಮೈಯ ತೂಕ, ಅಲುಗಾಟ ತಿಳಿಯುವ ಪುಟ್ಟ ಅಂಗವಿದೆ. ಕೋಣೆಯೊಳಗೆ ಕೂತಾಗ ಕಣ್ಣು ‘ಎಲ್ಲ ನಿಂತಿದೆ’ ಎನ್ನುತ್ತದೆ, ಕಿವಿ ‘ಇಲ್ಲ, ಅಲುಗುತ್ತಿದೆ’ ಎನ್ನುತ್ತದೆ. ಈ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ದೂರದಲ್ಲಿ ಮುಗಿಲು ನೀರು ಕೂಡುವ ಗೆರೆಯನ್ನು ನೋಡುತ್ತ ಕೂತರೆ ಜಗಳ ಕಡಿಮೆಯಾಗುತ್ತದೆ. ಹಡಗಿನ ನಡುಭಾಗದಲ್ಲಿ, ಕೆಳಗಿನ ಮಟ್ಟದಲ್ಲಿ ಅಲುಗಾಟ ಕಡಿಮೆ. ಹೊಟ್ಟೆ ಪೂರ ಖಾಲಿಯೂ ಇರಬಾರದು, ಬಿಗಿಯೂ ಇರಬಾರದು. ಅವ್ವ ಗಂಟಿನಲ್ಲಿ ಕಟ್ಟಿ ತಂದಿದ್ದ ಕಟಕರೊಟ್ಟಿ, ಹಸಿಶುಂಠಿ ಆ ದಿನ ನಮ್ಮ ಸಾಲಿನವರಿಗೆಲ್ಲ ಹಂಚಿಹೋದವು.

ಪೋರ್ಟ್ ಬ್ಲೇರ್ ಕಾಣುವಾಗ ನಾನು ಅವ್ವನ ಹತ್ತಿರ ಕೂತು, “ಯವ್ವಾ, ನಾ ಸುಳ್ಳು ಹೇಳಿದೆ. ತಪ್ಪಾತು” ಎಂದೆ.

“ಖರೇ ಹೇಳಿದ್ರೂ ನಾ ಬರ್ತಿದ್ದೆ. ಮೊಮ್ಮಗನ ಮಾರಿ ನೋಡಬೇಕಿತ್ತು. ಆದ್ರ ಖರೇ ಹೇಳಿದ್ರ ಮನಸ್ಸು ಗಟ್ಟಿ ಮಾಡ್ಕೊಂಡು ಬರ್ತಿದ್ದೆ” ಎಂದಳು. ಸ್ವಲ್ಪ ಹೊತ್ತು ನೀರನ್ನೇ ನೋಡಿ, “ನಮ್ಮಣ್ಣನ ಹರಿಗೋಲಿನಾಗ ಯಾರರೆ ಒಬ್ಬರು ಕೂಡ್ರೀ ಅಂದಿದ್ರ…” ಎಂದು ಸುಮ್ಮನಾದಳು.

ಮರುವರ್ಷ ಬೇಸಿಗೆಯಲ್ಲಿ, ಹೊಳೆ ಇಳಿದಿದ್ದಾಗ, ಅವ್ವ ಹರಿಗೋಲಿನಲ್ಲಿ ಕೂತು ತವರಿಗೆ ಹೋದಳು. ಅಂಬಿಗನಿಗಿಂತ ಮೊದಲು ತಾನೇ ಎಲ್ಲರಿಗೂ “ಕೂಡ್ರೀ” ಎಂದಳಂತೆ. ಈಗ ಅವಳಿಲ್ಲ.

ಕತೆ ಮುಗಿದಾಗ ಮೊಮ್ಮಗಳು ಹಿನ್ನೀರಿನ ಕಡೆ ಕೈತೋರಿ, “ಹಂಗಾರ ಇಲ್ಲಿ ತೆರಿ ಯಾಕ ಸಣ್ಣವು?” ಎಂದಳು. ಗಾಳಿ ಎಷ್ಟು ಜೋರು, ಎಷ್ಟು ಹೊತ್ತು, ಎಷ್ಟು ದೂರದವರೆಗೆ ನೀರಿನ ಮೇಲೆ ಬೀಸುತ್ತದೆ ಎಂಬುದರ ಮೇಲೆ ತೆರೆಯ ಎತ್ತರ ನಿಂತಿದೆ. ಹೊಳೆಯಲ್ಲಿ ಗಾಳಿಗೆ ಓಡಲು ಜಾಗ ಕಡಿಮೆ, ಸಮುದ್ರದಲ್ಲಿ ನೂರಾರು ಮೈಲಿ ಬಯಲು ಎಂದೆ.

ಅವಳು ಯೋಚಿಸಿ, “ಬೋಟಿನಾಗ ನನಗೂ ಜಾಕೆಟ್ ಕೊಡ್ತಾರೇನು?” ಎಂದು ಕೇಳಿದಳು.

“ನೀನೇ ಕೇಳು. ಕೊಟ್ರ ಬಿಗಿಯಾಗಿ ಕಟ್ಟಿಕೊಂಡು ನಡುವ ಕೂಡು. ಕೊಡದಿದ್ರ ‘ನಾ ಹತ್ತಂಗಿಲ್ಲ’ ಅಂತ ಟೀಚರ್ ಮುಂದ ಹೇಳು. ಯಾರು ನಕ್ಕರೂ ನಗಲಿ.”

“ಮತ್ತ ತೆರಿ ಬಂದ್ರ?”

“ಕೂಡ್ರೀ ಅನ್ನು.”

ನಿನ್ನೆ ಅವಳು ಪ್ರವಾಸದ ರೊಕ್ಕ ಕಟ್ಟಿ ಬಂದಿದ್ದಾಳೆ. ಶುಂಠಿ ತಂದಿಡಲು ನನಗೆ ಅಪ್ಪಣೆಯಾಗಿದೆ.