ಮಾರೋದೂ ಇಲ್ಲ, ರಿಪೇರಿಯೂ ಇಲ್ಲ!

ನಮ್ಮ ಮಾಟುಂಗದ ಹಳೇ ಬಿಲ್ಡಿಂಗುಗಳ ಹಿಂದೆ ತಗಡಿನ ಶೆಡ್ಡುಗಳಿರುತ್ತವಲ್ಲ, ಅಂಥದ್ದೊಂದರಲ್ಲಿ ಎರಡನೇ ಮಹಾಯುದ್ಧಕ್ಕೂ ಮುಂಚಿನ ಮಾರಿಸ್ ಎಯ್ಟ್ ಕಾರೊಂದು ವರ್ಷಗಳಿಂದ ನಿಂತಿದೆ. ಟೈರುಗಳು ನೆಲ ಕಚ್ಚಿವೆ, ಸೀಟಿನೊಳಗೆ ಇಲಿಗಳ ಸಂಸಾರ. ಮನೆಯವರನ್ನು ಕೇಳಿದರೆ ಒಂದೇ ಉತ್ತರ: "ತಾತನ ಗಾಡಿ, ಮಾರಲ್ಲ. ಒಂದು ದಿನ ಪೂರ್ತಿ ರೆಡಿ ಮಾಡಿಸ್ತೀವಿ."

ಹಳೇ ಕಾರುಗಳನ್ನು ಕೊಲ್ಲೋದು ಈ "ಒಂದು ದಿನ"ವೇ ಅಂತ ನನ್ನ ವಾದ.

ಮಾರಿಸ್ ಎಯ್ಟ್ ಮಹಾರಾಜರ ಕಾರೇನಲ್ಲ. ಸೈಕಲ್ ರಿಪೇರಿಯಿಂದ ಮೇಲೆ ಬಂದ ವಿಲಿಯಂ ಮಾರಿಸ್‌ನ ಕಂಪನಿ 1934ರಲ್ಲಿ ಬಿಟ್ಟ ಮಧ್ಯಮ ವರ್ಗದ ಗಾಡಿ; 918 ಸಿಸಿ ಇಂಜಿನ್. ಹೆಸರಿನ "ಎಂಟು" ಬ್ರಿಟನ್ನಿನ ತೆರಿಗೆ ಲೆಕ್ಕದ ಹಾರ್ಸ್‌ಪವರ್. ನಮ್ಮ ಅಂಬಾಸಡರ್ ಕೂಡ ಮಾರಿಸ್ ಮನೆತನದ್ದೇ ಅನ್ನೋದು ನೆನಪಿರಲಿ.

ಷೋರೂಮಿನಿಂದ ಬಂದಂತೆ ಮಾಡಿಸಬೇಕು ಅಂದರೆ ಲಕ್ಷಗಟ್ಟಲೆ ಬೇಕು, ಸರಿ. ಆದರೆ ಉಳಿಸಿಕೊಳ್ಳೋಕೆ ಅಷ್ಟು ಬೇಡ. ಪ್ಲಾಸ್ಟಿಕ್ ಹೊದಿಕೆ ತೆಗೀರಿ, ಅದರಡಿ ತೇವ ನಿಂತು ತುಕ್ಕು ಹೆಚ್ಚುತ್ತೆ. ಗಾಡಿಯನ್ನು ಕಟ್ಟೆ ಕೊಟ್ಟು ಎತ್ತಿ ನಿಲ್ಲಿಸಿ. ಹಳೇ ಪೆಟ್ರೋಲ್ ಬಸಿದುಬಿಡಿ, ಇಲ್ಲದಿದ್ದರೆ ಕಾರ್ಬುರೇಟರಿನಲ್ಲಿ ಅಂಟಾಗುತ್ತೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ಸಿಲಿಂಡರಿಗೆ ಚೂರು ಎಣ್ಣೆ ಬಿಟ್ಟು, ಒಂದೆರಡು ದಿನ ನೆನೆಯೋಕೆ ಬಿಟ್ಟು, ಕೈಯಲ್ಲೇ ಮೆಲ್ಲಗೆ ತಿರುಗಿಸಿ ನೋಡಿ. ಬಿಚ್ಚಿದ ಪ್ರತಿ ಭಾಗಕ್ಕೂ ಚೀಟಿ ಕಟ್ಟಿ. ಇಷ್ಟಕ್ಕೆ ಒಂದು ಭಾನುವಾರ ಸಾಲದಿರಬಹುದು, ಒಂದು ತಿಂಗಳ ಭಾನುವಾರಗಳು ಸಾಕು.

ಕಾನೂನೂ ಈಗ ಅನುಕೂಲವಾಗಿದೆ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ಗಾಡಿಗಳಿಗೆ ಬೇರೆ ನೋಂದಣಿ ನಿಯಮ ಮಾಡಿತು. ಹೊಸದಾಗಿ ಮಾಡಿಸೋಕೆ 20,000 ರೂಪಾಯಿ. ದಿನಾ ಆಫೀಸಿಗೆ ಓಡಿಸೋ ಹಾಗಿಲ್ಲ, ಪ್ರದರ್ಶನ, ರ‍್ಯಾಲಿಗಳಿಗೆ ಮಾತ್ರ. ಚಾಸಿ, ಬಾಡಿ, ಇಂಜಿನ್ ಭಾರೀ ಬದಲಾಗಿರಬಾರದು ಅನ್ನೋ ಷರತ್ತೂ ಇದೆ. ಅಂದರೆ ಬೇರೆ ಇಂಜಿನ್ ಕೂರಿಸಿ ಮಿಂಚಿಸೋ ಆತುರಕ್ಕಿಂತ ಇದ್ದದ್ದನ್ನು ಕಾಪಾಡೋ ತಾಳ್ಮೆಗೇ ಬೆಲೆ.

ಇದನ್ನು ಈಗಲೇ ಬರೆಯೋಕೆ ಕಾರಣ, ಮುಂಬೈಯಲ್ಲಿ ಹಳೇ ಬಿಲ್ಡಿಂಗುಗಳು ಒಂದೊಂದಾಗಿ ರೀಡೆವಲಪ್‌ಮೆಂಟಿಗೆ ಹೋಗ್ತಿವೆ. ಶೆಡ್ಡು ಕೆಡವೋ ದಿನ ಗುಜರಿಯವನಿಗೆ ತಾತನ ಕಾರು ಬರೀ ಕಬ್ಬಿಣ, ಕಿಲೋ ಲೆಕ್ಕ.

ಊರಲ್ಲಿ ಮನೆಗೆ ಬೀಗ ಹಾಕಿ ಬಂದಿರೋ ನಮಗೆ ಇದು ಹೊಸ ಕಥೆಯಲ್ಲ ಬಿಡಿ. ಹೆಂಚು ಜಾರುತ್ತಿದ್ದರೂ "ಅಜ್ಜನ ಮನೆ, ಮಾರಲ್ಲ" ಅಂತೀವಿ. ಮಾರದೇ ಇರೋದು ಪ್ರೀತಿ ಅಂದುಕೊಂಡಿದ್ದೀವಿ.

ನಾನಾದರೆ ಎರಡು ಮಳೆಗಾಲದ ಗಡುವು ಇಡ್ತೀನಿ. ಅಷ್ಟರೊಳಗೆ ಕೆಲಸ ಶುರುವಾಗದಿದ್ದರೆ, ಸ್ಪ್ಯಾನರ್ ಹಿಡಿಯೋ ಹುಚ್ಚು ಇರೋ ಯಾರಿಗಾದರೂ ಆರ್‌ಸಿ ಸಮೇತ ಕೊಟ್ಟುಬಿಡಬೇಕು. ಬೇರೆಯವರ ಹೆಸರಲ್ಲಾದರೂ ತಾತನ ಗಾಡಿ ರಸ್ತೆಯಲ್ಲಿ ಹಾರ್ನ್ ಹೊಡೀಲಿ. ನೀವೇನಂತೀರಿ?